ಕಟ್ಟಡ ಕೇಳುವವರಿಗೆ ಒಂದು ತಕರಾರು

ಕಳೆದ ನವೆಂಬರ್ ಒಂದರಂದು ನಮ್ಮೂರ ಸಭೆಯಲ್ಲಿ ಮತ್ತೊಮ್ಮೆ ಠರಾವು ಮಂಡನೆಯಾಯಿತು. ಗಡಿನಾಡಿನ ಕನ್ನಡಿಗರಿಗೆ ಒಂದು ಸುಸಜ್ಜಿತ ರಂಗಮಂದಿರ ಬೇಕು, ಎರಡೂ ಸರಕಾರಗಳು ಸೇರಿ ಕಟ್ಟಿಸಿಕೊಡಬೇಕು ಎಂದು. ಜೋರು ಚಪ್ಪಾಳೆಯೂ ಆಯಿತು. ಅದೇ ಹೊತ್ತಿಗೆ ಪೇಟೆಯ ಇನ್ನೊಂದು ಮೂಲೆಯಿಂದ ಕೇರಳಪ್ಪಿರವಿಯ ಧ್ವನಿವರ್ಧಕ ಕೇಳಿಸುತ್ತಿತ್ತು. ಒಂದೇ ತಾರೀಕು ಎರಡು ರಾಜ್ಯಗಳಿಗೂ ಹಬ್ಬ. 1956ರಲ್ಲಿ ಆ ತಾರೀಕಿನಂದೇ ಮಂಗಳೂರಿನೊಂದಿಗಿನ ನಮ್ಮ ಹೊಕ್ಕುಳಬಳ್ಳಿ ಕತ್ತರಿಸಿ ಹೋದದ್ದರಿಂದ, ಆ ದಿನ ನಾವು ನಗಬೇಕೋ ಅಳಬೇಕೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಇರಲಿ. ಠರಾವಿಗೆ ನಾನೂ ಕೈ ಎತ್ತಿದೆ. ಎತ್ತಿದ ಕೈಯನ್ನು ಇಳಿಸುವಾಗ ನಾಚಿಕೆಯಾಯಿತು. ಯಾಕೆ ನಾಚಿಕೆಯಾಯಿತು ಎಂದು ಹೇಳುವುದಕ್ಕಾಗಿ ಈ ಬರಹ.

ನಾನು ನಾಟಕಕಾರನಲ್ಲ, ವಿಮರ್ಶಕನೂ ಅಲ್ಲ. ಬ್ಯಾಂಕಿನ ಗುಮಾಸ್ತ. ಬಿ.ಎ. ಓದುವಾಗ ಇಂಗ್ಲಿಷ್ ಪಠ್ಯದಲ್ಲಿ ಜೆ.ಎಂ. ಸಿಂಜ್ ಎಂಬ ಐರಿಷ್ ನಾಟಕಕಾರನ 'ರೈಡರ್ಸ್ ಟು ದಿ ಸೀ' ಎಂಬ ಏಕಾಂಕ ಇತ್ತು. ಗಂಡುಮಕ್ಕಳನ್ನೆಲ್ಲ ಒಬ್ಬೊಬ್ಬರಾಗಿ ಕಡಲಿಗೆ ಕೊಟ್ಟ ಮುದುಕಿಯೊಬ್ಬಳ ಕತೆ. ನನ್ನ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದವನು ಮೊಗವೀರರ ಮನೆಯ ಹುಡುಗ. ಆ ಪಾಠ ಮುಗಿಯುವವರೆಗೆ ಅವನು ತಲೆ ಎತ್ತಲಿಲ್ಲ. ಎಲ್ಲಿಯ ಐರ್ಲೆಂಡ್, ಎಲ್ಲಿಯ ನಮ್ಮ ಕರಾವಳಿ! ಅಂದಿನಿಂದ ಆ ನಾಟಕಗಳನ್ನು ಆಡಿದ ಮಂದಿಯ ಬಗ್ಗೆ, ಡಬ್ಲಿನ್ ನಗರದ ಅವರ ಥಿಯೇಟರಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವ ಚಟ ಹತ್ತಿತು. ಅದರ ಹೆಸರು ಅಬ್ಬೆ ಥಿಯೇಟರ್. ನಮ್ಮ ಹವ್ಯಕರ ಮನೆಗಳಲ್ಲಿ ಅಬ್ಬೆ ಎಂದರೆ ತಾಯಿ. ಅಲ್ಲಿ ಅದು ಒಂದು ಬೀದಿಯ ಹೆಸರು, ಹಿಂದೆ ಅಲ್ಲಿದ್ದ ಕ್ರೈಸ್ತ ಮಠದಿಂದ ಬಂದದ್ದು. ನಮ್ಮ ಠರಾವಿಗೂ ಈ ಥಿಯೇಟರಿಗೂ ಏನು ಸಂಬಂಧ ಎಂದು ಕೇಳಬೇಡಿ, ಅದನ್ನೇ ಹೇಳಹೊರಟಿದ್ದೇನೆ.

ಮೊದಲು ಕಟ್ಟಡದ ವಿಷಯ ಮುಗಿಸಿಬಿಡೋಣ. ಅಬ್ಬೆಯ ಬಾಗಿಲು ತೆರೆದದ್ದು 1904ರ ಡಿಸೆಂಬರ್ 27ರಂದು. ಆದರೆ ನಾಟಕ ಶುರುವಾಗಿ ಆಗಲೇ ಐದು ವರ್ಷ ಕಳೆದಿತ್ತು. ಕವಿ ಯೇಟ್ಸ್, ಲೇಡಿ ಗ್ರೆಗರಿ, ಎಡ್ವರ್ಡ್ ಮಾರ್ಟಿನ್ ಎಂಬವರು ಸೇರಿ 1899ರಲ್ಲಿ ಮೊದಲ ನಾಟಕ ಆಡಿಸಿದ್ದು ಬಾಡಿಗೆಯ ಸಂಗೀತ ಸಭಾಂಗಣದಲ್ಲಿ. ನಾವು ಕಾಲೇಜಿನಲ್ಲಿ ಓದಿದ ಆ ಏಕಾಂಕ 1904ರ ಫೆಬ್ರವರಿಯಲ್ಲಿ ಮೊದಲು ರಂಗಕ್ಕೆ ಬಂದದ್ದೂ ಮೋಲ್ಸ್‌ವರ್ತ್ ಹಾಲ್ ಎಂಬ ಬಾಡಿಗೆ ಜಾಗದಲ್ಲೇ. ನಟನಟಿಯರೆಲ್ಲ ಹಗಲು ದುಡಿದು ಸಂಜೆ ತಾಲೀಮಿಗೆ ಬರುವವರು. ಅವರನ್ನು ತಯಾರು ಮಾಡಿದ ಫೇ ಸೋದರರಲ್ಲಿ ಅಣ್ಣ ಫ್ರಾಂಕ್ ಕಚೇರಿ ಗುಮಾಸ್ತ, ತಮ್ಮ ವಿಲ್ಲಿ ವಿದ್ಯುತ್ ಕೆಲಸದವನು. ಗುಮಾಸ್ತನೊಬ್ಬ ದೇಶದ ರಂಗಭೂಮಿಗೆ ಅಡಿಪಾಯ ಹಾಕಿದ ಎಂದು ಓದಿದಾಗ ನನಗೆ ಒಳಗೊಳಗೇ ಖುಷಿಯಾದದ್ದು ಸುಳ್ಳಲ್ಲ.

ಕಟ್ಟಡ ಬಂದದ್ದು ಆಮೇಲೆ. ಆನಿ ಹಾರ್ನಿಮನ್ ಎಂಬ ಇಂಗ್ಲಿಷ್ ಮಹಿಳೆ, ಚಹಾ ವ್ಯಾಪಾರಿಯ ಮನೆತನದವಳು, ಇವರ ನಾಟಕ ಮೆಚ್ಚಿ ಹಣ ಕೊಟ್ಟಳು. ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟಿನ ಹಳೆಯ ನಾಟಕಶಾಲೆ, ಅದಕ್ಕೆ ತಾಗಿದ ಹಿಂದಿನ ಶವಾಗಾರ, ಎರಡನ್ನೂ ಸೇರಿಸಿ ರಿಪೇರಿ ಮಾಡಿಸಿದ್ದಾಯಿತು. 562 ಆಸನ. ಹಣ ಕೊಟ್ಟವಳ ಷರತ್ತುಗಳೂ ಇದ್ದವು. ರಾಜಕೀಯ ಕೂಡದು, ಆರು ಪೆನ್ನಿಯ ಅಗ್ಗದ ಸೀಟು ಕೂಡದು. ಬಡವರನ್ನು ಹೊರಗಿಟ್ಟ ರಾಷ್ಟ್ರೀಯ ರಂಗಭೂಮಿ ಎಂಥದು ಎಂದು ಊರು ಗೊಣಗಿತು. ಕೊನೆಗೆ ಅಗ್ಗದ ಸೀಟು ಬಂತು. ಇನ್ನು ರಾಜಕೀಯ? 1910ರಲ್ಲಿ ದೊರೆ ಏಳನೇ ಎಡ್ವರ್ಡ್ ತೀರಿಕೊಂಡಾಗ ಉಳಿದೆಲ್ಲ ಥಿಯೇಟರುಗಳು ಬಾಗಿಲು ಹಾಕಿದರೂ ಅಬ್ಬೆ ಹಾಕಲಿಲ್ಲ. ಹಾರ್ನಿಮನ್ ಸಿಟ್ಟಾಗಿ ಸಹಾಯಧನ ನಿಲ್ಲಿಸಿದಳು. ಥಿಯೇಟರ್ ನಿಲ್ಲಲಿಲ್ಲ.

ನಮ್ಮವರ ವಾದ ಹೇಗಿದೆ ನೋಡಿ. ಮೊದಲು ಕಟ್ಟಡ, ಆಮೇಲೆ ನಾಟಕ, ಆಮೇಲೆ ಭಾಷೆ ಉಳಿಯುತ್ತದಂತೆ. ಸ್ವಾಮೀ, ಕುಂಬಳೆಯ ಪಾರ್ತಿಸುಬ್ಬನಿಗೆ ಯಾವ ರಂಗಮಂದಿರ ಇತ್ತು? ಕೊಯ್ಲಾದ ಗದ್ದೆಯಲ್ಲಿ, ದೇವಸ್ಥಾನದ ಎದುರಿನ ಬಯಲಲ್ಲಿ, ನಾಲ್ಕು ಕಂಬ ನೆಟ್ಟಲ್ಲಿ ಅವನ ರಾಮಾಯಣದ ಪ್ರಸಂಗಗಳು ಬೆಳಗಿನವರೆಗೆ ನಡೆದವು. ಇಂದೂ ನಡೆಯುತ್ತಿವೆ. ಅಕ್ಷರ ಬಾರದ ಅಜ್ಜಂದಿರು ಅದರಿಂದ ಕಲಿತ ಕನ್ನಡ ನನ್ನ ಬಿ.ಎ. ಕನ್ನಡಕ್ಕಿಂತ ಗಟ್ಟಿ. ಮಳೆಗಾಲದಲ್ಲಿ ಸೋರದ ಒಂದು ಸೂರು ಬೇಡವೆಂದು ನಾನು ಹೇಳುವುದಿಲ್ಲ. ಶಾಲೆಯ ಹಾಲಿನಲ್ಲಿ ತಗಡಿನ ಮೇಲೆ ಮಳೆ ಬಿದ್ದಾಗ ಒಂದು ಮಾತೂ ಕೇಳಿಸದ ಕಷ್ಟ ನನಗೂ ಗೊತ್ತು. ನಾನು ಕೇಳುವುದು ಬೇರೆ. ಕಟ್ಟಡ ಸಿಕ್ಕಿತು ಎಂದೇ ಇಟ್ಟುಕೊಳ್ಳಿ, ಅದರೊಳಗೆ ಏನನ್ನು ಆಡಗೊಡುತ್ತೀರಿ?

ಇಲ್ಲಿ ಅಬ್ಬೆಯ ನಿಜವಾದ ಕತೆ ಶುರುವಾಗುತ್ತದೆ.

1907ರ ಜನವರಿ 26, ಶನಿವಾರ. ಸಿಂಜನ ಹೊಸ ನಾಟಕ 'ದಿ ಪ್ಲೇಬಾಯ್ ಆಫ್ ದಿ ವೆಸ್ಟರ್ನ್ ವರ್ಲ್ಡ್'. ಪಡುವಣ ಕರಾವಳಿಯ ಒಂದು ಹಳ್ಳಿಯ ಹೆಂಡದಂಗಡಿಗೆ ದಿಕ್ಕಿಲ್ಲದ ಹುಡುಗನೊಬ್ಬ ಬರುತ್ತಾನೆ. ಅಪ್ಪನ ತಲೆಗೆ ಗುದ್ದಲಿಯಿಂದ ಹೊಡೆದು ಕೊಂದು ಬಂದೆ ಎನ್ನುತ್ತಾನೆ. ಊರು ಅವನನ್ನು ಪೊಲೀಸರಿಗೆ ಕೊಡುವ ಬದಲು ಹೀರೋ ಮಾಡುತ್ತದೆ, ಹೆಣ್ಣುಮಕ್ಕಳು ಅವನಿಗಾಗಿ ಜಗಳಾಡುತ್ತಾರೆ. ಆಮೇಲೆ ಸತ್ತ ಅಪ್ಪ ತಲೆಗೆ ಬಟ್ಟೆ ಸುತ್ತಿಕೊಂಡು ಬದುಕಿ ಬರುತ್ತಾನೆ. ಮೂರನೆಯ ಅಂಕದಲ್ಲಿ ಹೆಂಗಸರ ಒಳಅಂಗಿಯ ಹೆಸರು ಒಮ್ಮೆ ಬಾಯಿಗೆ ಬಂತು. ಅಷ್ಟೇ. ಸಭೆ ಬೊಬ್ಬೆ ಹಾಕಿತು. ಸೋಮವಾರದಿಂದ ಕೂಗಾಟ, ನೆಲಕ್ಕೆ ಕಾಲು ಬಡಿಯುವುದು, ತುತ್ತೂರಿ. ಪಾತ್ರಧಾರಿಗಳು ಬಾಯಿ ಆಡಿಸುತ್ತಿದ್ದರು, ಮಾತು ಯಾರಿಗೂ ಕೇಳುತ್ತಿರಲಿಲ್ಲ. ಪೊಲೀಸರು ಬಂದರು. ಹಾಗಿದ್ದೂ ವಾರದ ಪ್ರದರ್ಶನಗಳನ್ನು ಒಂದೂ ಬಿಡದೆ ಮುಗಿಸಿದರು. ಫೆಬ್ರವರಿ 4ರಂದು ಅದೇ ಥಿಯೇಟರಿನಲ್ಲಿ ಬಹಿರಂಗ ಚರ್ಚೆ ಕರೆದು, ಬೈಯುವವರು ಬಂದು ಎದುರಿಗೇ ಬೈಯಿರಿ ಎಂದರು.

ಬೈದವರು ಯಾರು? ಬ್ರಿಟಿಷರಲ್ಲ. ಐರ್ಲೆಂಡನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತಿದ್ದವರು, ಐರಿಷ್ ಭಾಷೆಗಾಗಿ ದುಡಿಯುತ್ತಿದ್ದವರು. ಅವರ ಆಕ್ಷೇಪ ಇಷ್ಟೆ: ನಮ್ಮ ಹಳ್ಳಿಗರು ಹೀಗಿಲ್ಲ. ನಮ್ಮ ಹೆಣ್ಣುಮಕ್ಕಳು ಹೀಗೆ ಮಾತಾಡುವುದಿಲ್ಲ. ಮೊದಲೇ ನಮ್ಮನ್ನು ಕಾಡುಮನುಷ್ಯರೆಂದು ಹೀಯಾಳಿಸುವ ಇಂಗ್ಲಿಷರ ಕೈಗೆ ಇನ್ನೊಂದು ಕೋಲು ಯಾಕೆ ಕೊಡುತ್ತೀರಿ? ಪ್ಯಾಟ್ರಿಕ್ ಪಿಯರ್ಸ್ ಎಂಬ ಶಾಲಾಮಾಸ್ತರ, ಮುಂದೆ 1916ರ ಬಂಡಾಯದ ನಾಯಕನಾಗಿ ಗುಂಡೇಟಿಗೆ ಬಲಿಯಾದವನು, ತಾನು ನಡೆಸುತ್ತಿದ್ದ ಪತ್ರಿಕೆಯಲ್ಲಿ ಸಿಂಜನನ್ನು ಖಂಡಿಸಿದ. ಆರು ವರ್ಷದ ಬಳಿಕ ಅದೇ ಪಿಯರ್ಸ್ ತನ್ನ ಮಾತನ್ನು ತಿದ್ದಿಕೊಂಡು ಸಿಂಜನ ದೇಶಪ್ರೀತಿಯನ್ನು ಒಪ್ಪಿದ. ಸಿಂಜ್ ಅದನ್ನು ಓದಲಿಲ್ಲ. 1909ರಲ್ಲೇ, 37ರ ವಯಸ್ಸಿನಲ್ಲಿ, ಅವನು ತೀರಿಹೋಗಿದ್ದ.

ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದದ್ದು ಊರು ಬಿಟ್ಟು ಅಮೆರಿಕಕ್ಕೆ ಹೋದವರಿಗೆ ಎಂಬುದನ್ನೂ ಗಮನಿಸಿ. 1911ರಲ್ಲಿ ನ್ಯೂಯಾರ್ಕಿನಲ್ಲಿ ರಂಗದ ಮೇಲೆ ಆಲೂಗಡ್ಡೆ ಬಿತ್ತು. 1912ರ ಜನವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಅಶ್ಲೀಲ ನಾಟಕ ಆಡಿದರೆಂದು ನಟನಟಿಯರ ಮೇಲೆ ಕೇಸೇ ಆಯಿತು, ಕೋರ್ಟು ಅದನ್ನು ತಳ್ಳಿಹಾಕಿತು. ನಮ್ಮಲ್ಲೂ ಬೆಂಗಳೂರು, ಮುಂಬಯಿ, ಗಲ್ಫಿನಲ್ಲಿ ನೆಲೆಸಿದವರೇ ಊರಿನ ಕನ್ನಡದ ಶುದ್ಧಿಯ ಬಗ್ಗೆ ಹೆಚ್ಚು ಆತಂಕಪಡುವುದು. ರಜೆಯಲ್ಲಿ ಬಂದು ಭಾಷಣ ಮಾಡಿ ಹೋಗುತ್ತಾರೆ. ಇಲ್ಲಿ ರೇಶನ್ ಅಂಗಡಿಯ ಸರದಿಯಲ್ಲಿ, ವಿಲೇಜ್ ಆಫೀಸಿನ ಕಿಟಕಿಯಲ್ಲಿ, ದಿನಕ್ಕೆ ನಾಲ್ಕು ಭಾಷೆ ಆಡಿ ಬದುಕುವವರು ನಾವು.

ಈಗ ನನ್ನ ನಾಚಿಕೆಯ ಕತೆ.

ಹತ್ತು ವರ್ಷದ ಹಿಂದೆ ನಾವು ಕೆಲವರು ಸೇರಿ ಒಂದು ಏಕಾಂಕ ಸ್ಪರ್ಧೆ ಮಾಡಿದೆವು. ನಾನು ಖಜಾಂಚಿ, ಜೊತೆಗೆ ಹಸ್ತಪ್ರತಿ ನೋಡುವ ಮೂವರಲ್ಲಿ ಒಬ್ಬ. ಡಿಗ್ರಿ ಓದುತ್ತಿದ್ದ ಹುಡುಗಿಯೊಬ್ಬಳು ಹದಿನೆಂಟು ಪುಟದ ನಾಟಕ ಕೊಟ್ಟಳು. ಎರಡೇ ಪಾತ್ರ, ಒಂದು ಜಗಲಿ. ಅಜ್ಜಿಯ ಕೈಯಲ್ಲಿ ವಿಲೇಜ್ ಆಫೀಸಿನಿಂದ ಬಂದ ನೋಟೀಸು. ಮಲಯಾಳದಲ್ಲಿದೆ, ಅವಳಿಗೆ ಓದಲು ಬಾರದು. ಮೊಮ್ಮಗನ ಕೈಯಲ್ಲಿ ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕಿದ ಹಳೆಯ ಕಾಗದಗಳ ಕಟ್ಟು. ಮುಂಬಯಿಯ ಹೋಟೆಲಿನಲ್ಲಿದ್ದ ಅಜ್ಜ ಬರೆದದ್ದು, ಕನ್ನಡದಲ್ಲಿದೆ, ಅವನಿಗೆ ಓದಲು ಬಾರದು. ನೀನು ಇದನ್ನು ಓದು, ನಾನು ಅದನ್ನು ಓದುತ್ತೇನೆ ಎಂದು ಇಬ್ಬರೂ ಒಪ್ಪಂದ ಮಾಡಿಕೊಳ್ಳುತ್ತಾರೆ. ಅಜ್ಜಿ ಮಾತಾಡುವುದು ಮನೆಭಾಷೆ, ನಡುವೆ ತುಳು. ಹುಡುಗ ಅರ್ಧ ಮಲಯಾಳ. ಓದುತ್ತ ಓದುತ್ತ ಅಜ್ಜಿ ಒಂದು ಕಡೆ ನಿಂತುಬಿಡುತ್ತಾಳೆ. ನಿನ್ನನ್ನು ಆ ಶಾಲೆಗೆ ಸೇರಿಸಲು ಹಟ ಹಿಡಿದದ್ದು ನಿನ್ನ ಅಪ್ಪ ಅಲ್ಲ, ನಾನೇ, ಎನ್ನುತ್ತಾಳೆ. ಕನ್ನಡ ಕಲಿತ ಅವಳ ಮಗ ಪಿ.ಎಸ್.ಸಿ. ಪರೀಕ್ಷೆಗಳಲ್ಲಿ ಸೋತು ಸೋತು ಅಡಿಕೆ ಸುಲಿಯುತ್ತ ಕೂತದ್ದನ್ನು ನೋಡಿ ಅವಳು ಆ ನಿರ್ಧಾರ ಮಾಡಿದ್ದಳು.

ನಾವು ಮೂವರು ಓದಿದೆವು. ಒಬ್ಬರು ಹೇಳಿದರು, ಭಾಷೆ ಶುದ್ಧವಿಲ್ಲ, ತುಳು ಮಲಯಾಳ ಬೆರೆಸಿದ್ದು ಕನ್ನಡಕ್ಕೆ ಅವಮಾನ. ಇನ್ನೊಬ್ಬರು ಹೇಳಿದರು, ಅದು ಹೋಗಲಿ ಮಾರಾಯ್ರೆ, ನಮ್ಮವರೇ ಕನ್ನಡ ಬಿಟ್ಟದ್ದು ಎಂದು ನಮ್ಮ ವೇದಿಕೆಯಲ್ಲೇ ಹೇಳಿಸಿದರೆ ನಾಳೆ ಸರಕಾರ ಅದನ್ನೇ ನಮ್ಮ ಮುಖಕ್ಕೆ ಹಿಡಿಯುವುದಿಲ್ಲವೆ? ಮಾತು ಸರಿ ಎನಿಸಿತು. ಕೆಂಪು ಪೆನ್ನು ನನ್ನ ಕಿಸೆಯಲ್ಲಿತ್ತು. ಅಜ್ಜಿಯ ಆ ಮಾತನ್ನು ಹೊಡೆದು ಹಾಕಿದವನು ನಾನು. ಮಲಯಾಳ ಇದ್ದಲ್ಲೆಲ್ಲ ಗ್ರಾಂಥಿಕ ಕನ್ನಡ ಬರೆದವನೂ ನಾನೇ. ಹುಡುಗಿ ಪ್ರತಿಯನ್ನು ಮಗುಚಿ ನೋಡಿದಳು, ಆಮೇಲೆ ಹೇಳಿದಳು: 'ಸರ್, ಹೀಗೆ ಮಾತಾಡುವ ಅಜ್ಜಿ ಯಾರ ಮನೆಯಲ್ಲಿದ್ದಾರೆ?' ನಾಟಕವನ್ನು ಹಿಂದಕ್ಕೆ ತೆಗೆದುಕೊಂಡಳು. ಆ ವರ್ಷ ಬಹುಮಾನ ಬಂದದ್ದು ಕನ್ನಡಾಂಬೆ ಕಿರೀಟ ಇಟ್ಟುಕೊಂಡು ಬಂದು ಅಳುವ ಒಂದು ರೂಪಕಕ್ಕೆ. ನಾವು ಮೂವರೂ ನಮ್ಮ ಮಕ್ಕಳನ್ನು ಇಂಗ್ಲಿಷ್ ಮೀಡಿಯಮ್ಮಿಗೆ ಕಳುಹಿಸುತ್ತಿದ್ದವರು ಎಂಬುದನ್ನು ಯಾರೂ ಎತ್ತಲಿಲ್ಲ. ಆ ಅಜ್ಜಿ ಒಬ್ಬಳೇ ಎತ್ತಿದ್ದಳು, ಅವಳ ಬಾಯಿ ಮುಚ್ಚಿಸಿದ್ದಾಗಿತ್ತು.

ಡಬ್ಲಿನ್ನಿನಲ್ಲಿ ಬೊಬ್ಬೆ ಹಾಕಿದವರನ್ನು ಓದುವಾಗೆಲ್ಲ ನನಗೆ ಹಿಂದೆ ನಗು ಬರುತ್ತಿತ್ತು. ಈಗ ಬರುವುದಿಲ್ಲ. ಅವರಾದರೂ ಟಿಕೇಟು ತೆಗೆದು ಒಳಗೆ ಕೂತು, ಕೇಳಿಸಿಕೊಂಡು, ಆಮೇಲೆ ಕೂಗಿದರು. ನಾವು ಪರದೆ ಏಳುವ ಮೊದಲೇ ಕೆಲಸ ಮುಗಿಸಿದೆವು.

ಇನ್ನು ಗ್ರಾಂಟಿನ ವಿಷಯ. ಸ್ವತಂತ್ರ ಐರ್ಲೆಂಡಿನ ಸರಕಾರ 1925ರಲ್ಲಿ ಅಬ್ಬೆಗೆ ವರ್ಷಕ್ಕೆ 850 ಪೌಂಡು ಮಂಜೂರು ಮಾಡಿತು. ಇಂಗ್ಲಿಷ್ ಆಡುವ ದೇಶಗಳಲ್ಲಿ ಸರಕಾರದ ಸಹಾಯಧನ ಪಡೆದ ಮೊದಲ ಥಿಯೇಟರ್ ಅದೇ. ಹಣದ ಹಿಂದೆ ನಿರ್ದೇಶಕ ಮಂಡಳಿಗೆ ಸರಕಾರದ ಒಬ್ಬ ಪ್ರತಿನಿಧಿಯೂ ಬಂದ, ಜಾರ್ಜ್ ಓಬ್ರಿಯನ್ ಎಂಬ ಅರ್ಥಶಾಸ್ತ್ರದ ಪ್ರೊಫೆಸರ್. ಬಂದ ವರ್ಷವೇ ಅವರ ಮೇಜಿಗೆ ಶಾನ್ ಓಕೇಸಿಯ 'ದಿ ಪ್ಲೌ ಅಂಡ್ ದಿ ಸ್ಟಾರ್ಸ್' ಬಂತು. ಓಕೇಸಿ ಡಬ್ಲಿನ್ನಿನ ಕೂಲಿಯಾಳು. ತನ್ನ ಓಣಿಯ ಬಡವರು 1916ರ ಬಂಡಾಯದ ದಿನಗಳಲ್ಲಿ ಹೇಗಿದ್ದರೋ ಹಾಗೆ ಬರೆದಿದ್ದ. ಅಂಗಡಿ ದೋಚುವವರು, ಕುಡಿಯುವವರು, ಹೊಟ್ಟೆಪಾಡಿನ ಒಬ್ಬ ವೇಶ್ಯೆ. ಪ್ರೊಫೆಸರಿಗೆ ಆ ವೇಶ್ಯೆ ಬೇಡವಾಗಿತ್ತು. ಇಂಥದಕ್ಕೆ ಗ್ರಾಂಟು ಹೋದರೆ ಯಾರು ಜವಾಬ್ದಾರರು ಎಂಬ ಧಾಟಿ. ಗ್ರಾಂಟು ಮತ್ತು ಸ್ವಾತಂತ್ರ್ಯ ಎರಡರಲ್ಲಿ ಒಂದನ್ನು ಆರಿಸಬೇಕಾದರೆ ನಾವು ಸ್ವಾತಂತ್ರ್ಯವನ್ನೇ ಆರಿಸುತ್ತೇವೆ ಎಂಬುದು ಲೇಡಿ ಗ್ರೆಗರಿಯ ನಿಲುವು. ಆಗ ಆಕೆಗೆ ಎಪ್ಪತ್ತು ದಾಟಿತ್ತು. ಒಂದು ಹಾಡು ಬಿಟ್ಟುಹೋಯಿತು, ವೇಶ್ಯೆಯ ಪಾತ್ರ ಉಳಿಯಿತು.

1926ರ ಫೆಬ್ರವರಿಯಲ್ಲಿ ಆ ನಾಟಕಕ್ಕೂ ಗಲಭೆ ಆಯಿತು. ಈ ಸಲ ಕೂಗಿದವರಲ್ಲಿ 1916ರಲ್ಲಿ ಮಡಿದವರ ಮನೆಯ ಹೆಂಗಸರಿದ್ದರು. ಅವರ ನೋವನ್ನು ನಾನು ಹಗುರ ಮಾಡಲಾರೆ. ಗಂಡನನ್ನೋ ಮಗನನ್ನೋ ಕೊಟ್ಟವಳು, ಆ ಬಾವುಟವನ್ನು ಹೆಂಡದಂಗಡಿಗೆ ಒಯ್ಯುವುದನ್ನು ಸುಮ್ಮನೆ ನೋಡಿ ಕೂರಬೇಕು ಎಂದು ಹೇಳುವ ಅಧಿಕಾರ ನನಗಿಲ್ಲ. ಯೇಟ್ಸ್ ರಂಗಕ್ಕೆ ಬಂದು ಸಭಿಕರನ್ನು ಗದರಿದ ಎಂಬುದು ಪ್ರಸಿದ್ಧ ಕತೆ, ನನಗೆ ಅಷ್ಟೇನೂ ಹಿಡಿಸದ ಕತೆ. ನನಗೆ ಮುಖ್ಯವಾದದ್ದು, ಆಕ್ಷೇಪವೂ ಬಹಿರಂಗವಾಗಿ ನಡೆಯಿತು, ನಾಟಕವೂ ಬಹಿರಂಗವಾಗಿ ನಡೆಯಿತು ಎಂಬುದು. ಅಂದು ಬೈಸಿಕೊಂಡ ನಾಟಕವೇ ಮುಂದೆ ಅಬ್ಬೆ ಮತ್ತೆ ಮತ್ತೆ ಆಡಿದ ನಾಟಕಗಳಲ್ಲಿ ಒಂದಾಯಿತು. ಎರಡೇ ವರ್ಷದಲ್ಲಿ, 1928ರಲ್ಲಿ, ಇದೇ ಅಬ್ಬೆ ಓಕೇಸಿಯ ಮುಂದಿನ ನಾಟಕವನ್ನು ತಿರಸ್ಕರಿಸಿ ಅವನನ್ನು ಕಳಕೊಂಡಿತು ಎಂಬುದನ್ನೂ ಹೇಳಬೇಕು. ಗದರಿದ ಯೇಟ್ಸನ ಕಿಸೆಯಲ್ಲೂ ಒಂದು ಕೆಂಪು ಪೆನ್ನು ಇತ್ತು.

ಇಷ್ಟರಲ್ಲಿ ನನ್ನ ಹಿರಿಯ ಮಿತ್ರರೊಬ್ಬರು ತಡೆಯುತ್ತಾರೆ ಎಂದು ಗೊತ್ತು. 'ನಿಮ್ಮ ಅಬ್ಬೆ ನಾಟಕ ಆಡಿದ್ದು ಇಂಗ್ಲಿಷಿನಲ್ಲಲ್ಲವೋ? ಅವರ ಐರಿಷ್ ಭಾಷೆ ಎಲ್ಲಿ ಹೋಯಿತು? ನಮಗೆ ಮಾದರಿ ಅದೋ?' ಪ್ರಶ್ನೆ ನ್ಯಾಯವಾದದ್ದೇ. ಈ ಥಿಯೇಟರಿನ ದೊಡ್ಡ ಕೊರತೆ ಅದು. ಆರಂಭದಲ್ಲಿ ಹಾಗಿರಲಿಲ್ಲ. 1901ರಲ್ಲಿ ಡಗ್ಲಸ್ ಹೈಡ್ ಎಂಬ ಪಂಡಿತ ಐರಿಷಿನಲ್ಲಿ ಒಂದು ಪುಟ್ಟ ಪ್ರಹಸನ ಬರೆದು, ಮುಖ್ಯ ಪಾತ್ರ ತಾನೇ ಮಾಡಿ, ಡಬ್ಲಿನ್ನಿನ ಗೇಯಟಿ ಥಿಯೇಟರಿನಲ್ಲಿ ಇದೇ ಗುಂಪಿನ ವತಿಯಿಂದ ಆಡಿದ್ದ. ಮುಂದೆ 1938ರಲ್ಲಿ ಅವನು ಆ ದೇಶದ ಮೊದಲ ಅಧ್ಯಕ್ಷನಾದ. ಆದರೆ ಯೇಟ್ಸನಿಗೆ ಐರಿಷ್ ಬರುತ್ತಿರಲಿಲ್ಲ, ಪೇಟೆಯ ಸಭಿಕರಲ್ಲಿ ಹೆಚ್ಚಿನವರಿಗೂ ಬರುತ್ತಿರಲಿಲ್ಲ. ಲೇಡಿ ಗ್ರೆಗರಿ ಮತ್ತು ಸಿಂಜ್ ಐರಿಷ್ ಕಲಿತರು, ಅದರ ಲಯವನ್ನು ಹಳ್ಳಿಗರ ಇಂಗ್ಲಿಷಿಗೆ ತಂದು ಬರೆದರು.

ಆ ಕೊರತೆಯನ್ನು ಸರಿಪಡಿಸಲು ಹೊರಟವರು ಮಾಡಿದ್ದೇನು? ಗ್ರಾಂಟು ಕೊಡಿಸಿದ ಹಣಕಾಸು ಮಂತ್ರಿ ಅರ್ನೆಸ್ಟ್ ಬ್ಲೈಥ್ 1941ರಿಂದ 1967ರವರೆಗೆ ಅಬ್ಬೆಯ ಆಡಳಿತ ನಡೆಸಿದರು. ಐರಿಷ್ ಬಾರದವರಿಗೆ ನಟರಾಗಿ ಕೆಲಸ ಸಿಗುವುದು ಕಷ್ಟ ಎಂಬ ಸ್ಥಿತಿ ತಂದರು. 1945ರಿಂದ ಕ್ರಿಸ್ಮಸ್ ಕಾಲಕ್ಕೆ ಐರಿಷಿನಲ್ಲಿ ಹಾಡು ಕುಣಿತದ ಆಟಗಳನ್ನು ಆಡಿಸಿದರು. ಉದ್ದೇಶ ಒಳ್ಳೆಯದೇ. ಆದರೆ ನಟನೆಗಿಂತ ವ್ಯಾಕರಣ ದೊಡ್ಡದಾಯಿತು ಎಂಬ ದೂರು ಅವರ ಕಾಲವಿಡೀ ಉಳಿಯಿತು, ಬರಹಗಾರರು ಮುನಿಸಿಕೊಂಡರು. ಅತ್ತ ಐರಿಷ್ ಇನ್ನೂ ಮನೆಮಾತಾಗಿದ್ದ ಪಶ್ಚಿಮ ಕರಾವಳಿಯ ಗಾಲ್ವೇ ಪೇಟೆಯಲ್ಲಿ 1928ರಲ್ಲಿ ಪುಟ್ಟದೊಂದು ಐರಿಷ್ ಥಿಯೇಟರ್ ಶುರುವಾಯಿತು. ಮೊದಲ ನಾಟಕ ಬರೆದು ಆಡಿಸಿದ ಮಿಹಾಲ್ ಮ್ಯಾಕ್ ಲೀಯಮೋರ್ ಹುಟ್ಟಿನಿಂದ ಇಂಗ್ಲಿಷಿನವನು, ಪ್ರೀತಿಯಿಂದ ಐರಿಷ್ ಕಲಿತವನು. ನಿಯಮ ಮಾಡಿ ಭಾಷೆ ಉಳಿಸಲು ಹೊರಟವರಿಗಿಂತ ಆ ಸಣ್ಣ ಪೇಟೆಯ ಕೆಲಸವೇ ನನಗೆ ಹೆಚ್ಚು ಹಿಡಿಸುತ್ತದೆ. ನಮ್ಮ ಸ್ಥಿತಿ ಡಬ್ಲಿನ್ನಿನದಲ್ಲ, ಗಾಲ್ವೇಯದು. ಕನ್ನಡ ನಮ್ಮಲ್ಲಿ ಮನೆಯೊಳಗೆ ಇನ್ನೂ ಇದೆ. ಅದು ಯಾವ ರೂಪದಲ್ಲಿದೆಯೋ ಆ ರೂಪದಲ್ಲಿ ರಂಗಕ್ಕೆ ಬರಗೊಡದವರು ನಾವೇ.

ಈ ಕತೆ ನಮಗೆ ಅಷ್ಟು ದೂರದ್ದೂ ಅಲ್ಲ. ಫೇ ಸೋದರರ ತಂಡ 1902ರಲ್ಲಿ ಆಡಿದ ನಾಟಕಗಳಲ್ಲಿ ಎರಡು ಜೇಮ್ಸ್ ಕಸಿನ್ಸ್ ಎಂಬ ಬೆಲ್‌ಫಾಸ್ಟಿನ ಯುವಕ ಬರೆದವು. ಆತ 1915ರಲ್ಲಿ ಭಾರತಕ್ಕೆ ಬಂದು ಮದನಪಲ್ಲಿಯಲ್ಲಿ ನೆಲೆಸಿದರು. 1924ರ ಸುಮಾರಿಗೆ ಮೈಸೂರಿನಲ್ಲಿ ಒಬ್ಬ ವಿದ್ಯಾರ್ಥಿ ತನ್ನ ಇಂಗ್ಲಿಷ್ ಕವನಗಳನ್ನು ಅವರಿಗೆ ತೋರಿಸಿದಾಗ, ನಿನ್ನ ಭಾಷೆಯಲ್ಲಿ ಬರೆ ಎಂದರು. ಆ ವಿದ್ಯಾರ್ಥಿ ಕುವೆಂಪು. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯ ಹಿಂದೆಯೂ, 1935ರಲ್ಲಿ ತೆರೆದ ತಿರುವನಂತಪುರದ ಶ್ರೀಚಿತ್ರಾಲಯದ ಹಿಂದೆಯೂ ಇದೇ ಕಸಿನ್ಸ್ ಇದ್ದಾರೆ. ಕನ್ನಡ, ಮಲಯಾಳ ಎರಡರಲ್ಲೂ ಬರುವ ಈ ಸಂಚಿಕೆಯಲ್ಲಿ ಅವರನ್ನು ನೆನೆಯದೆ ಬಿಡುವುದು ಸರಿಯಲ್ಲ. 1913ರ ಮೇ 17ರಂದು ಅಬ್ಬೆಯಲ್ಲಿ ಟಾಗೋರರ 'ದಿ ಪೋಸ್ಟ್ ಆಫೀಸ್' ಆಡಿದರು, ಅವರಿಗೆ ನೊಬೆಲ್ ಬರುವ ಮೊದಲೇ. ರಾಜನ ಕಾಗದಕ್ಕಾಗಿ ಕಾಯುವ ಕಾಯಿಲೆಯ ಹುಡುಗನ ನಾಟಕ. ಅದೇ ರಾತ್ರಿ ಪಿಯರ್ಸನ ಶಾಲೆಯ ಹುಡುಗರು ಐರಿಷಿನಲ್ಲಿ ಒಂದು ನಾಟಕ ಆಡಿದರು. ಸಂಗ್ರಹವಾದ ಹಣ ಆ ಶಾಲೆಗೆ. ಸಿಂಜನನ್ನು ಬೈದ ಪಿಯರ್ಸನಿಗೆ ಅಬ್ಬೆ ಬಾಗಿಲು ಮುಚ್ಚಿರಲಿಲ್ಲ. ಯೇಟ್ಸ್ ಜಪಾನಿನ ನೋ ನಾಟಕಗಳಿಗೆ ಮರುಳಾದದ್ದು ಎಲ್ಲರಿಗೂ ಗೊತ್ತು. ಅವೇ ನೋ ನಾಟಕಗಳನ್ನು ನಮ್ಮ ಮಂಜೇಶ್ವರದಲ್ಲಿ ಕೂತು ಗೋವಿಂದ ಪೈಗಳು ಕನ್ನಡಕ್ಕೆ ತಂದರು. ಪೈಗಳ ಹೆಸರಲ್ಲಿ ಹಾರ ಹಾಕುವ ನಾವು ಆ ನಾಟಕಗಳಲ್ಲಿ ಎಷ್ಟನ್ನು ಆಡಿದ್ದೇವೆ?

ನೆರೆಯ ಮಲಯಾಳದವರನ್ನಾದರೂ ನೋಡಿ ಕಲಿಯಬಹುದಿತ್ತು. 1929ರಲ್ಲಿ ವಿ.ಟಿ. ಭಟ್ಟತಿರಿಪ್ಪಾಡ್ ತಮ್ಮ ನಂಬೂದಿರಿ ಸಮಾಜದ ಒಳಮನೆಯನ್ನೇ ರಂಗಕ್ಕೆ ತಂದರು. 'ಅಡುಕ್ಕಳಯಿಲ್ ನಿನ್ನು ಅರಂಗತ್ತೇಕ್ಕ್' ಎಂದರೆ ಅಡುಗೆಮನೆಯಿಂದ ರಂಗಕ್ಕೆ ಎಂದೇ ಅರ್ಥ. ಸ್ವಂತ ಜಾತಿಯ ಮಾನ ಹರಾಜು ಹಾಕಿದ ಎಂದು ಬೈಸಿಕೊಂಡರು. 1952ರಲ್ಲಿ ತೋಪ್ಪಿಲ್ ಭಾಸಿಯ 'ನಿಂಗಳೆನ್ನೆ ಕಮ್ಯೂನಿಸ್ಟಾಕ್ಕಿ' ಬಂತು, ಸರಕಾರ ತಡೆ ಹಾಕಿತು, ಜನ ಬಿಡಲಿಲ್ಲ. ಮಲಯಾಳ ನಮ್ಮನ್ನು ನುಂಗುತ್ತದೆ ಎಂದು ದೂರುವ ನಾವು, ಆ ಭಾಷೆ ತನ್ನನ್ನು ತಾನು ಹೀಗೆ ಎದುರಿಸಿ ಗಟ್ಟಿಯಾದದ್ದನ್ನು ನೋಡುವುದಿಲ್ಲ.

ಕಟ್ಟಡದ ಮಾತು ಬಾಕಿ ಇತ್ತು. 1951ರ ಜುಲೈ 17ರ ರಾತ್ರಿ ಅಬ್ಬೆಯಲ್ಲಿ ಆಡಿದ್ದು ಅದೇ 'ಪ್ಲೌ ಅಂಡ್ ದಿ ಸ್ಟಾರ್ಸ್'. ಆ ನಾಟಕದ ಕೊನೆಯಲ್ಲಿ ಡಬ್ಲಿನ್ ಉರಿಯುತ್ತದೆ. ಪರದೆ ಬಿದ್ದು ಜನ ಮನೆಗೆ ಹೋದ ಮೇಲೆ ಥಿಯೇಟರೇ ಹೊತ್ತಿಕೊಂಡಿತು. ಮರುದಿನ ರಾತ್ರಿ ತಂಡ ಏನು ಮಾಡಿತು ಗೊತ್ತೆ? ಪಕ್ಕದ ಪೀಕಾಕ್ ಎಂಬ ನೂರು ಸೀಟಿನ ಪುಟ್ಟ ಜಾಗದಲ್ಲಿ ಅದೇ ನಾಟಕ ಆಡಿತು. ಆಮೇಲೆ ಹದಿನೈದು ವರ್ಷ ಬಾಡಿಗೆಯ ಕ್ವೀನ್ಸ್ ಥಿಯೇಟರಿನಲ್ಲಿ ಕಳೆದರು. ಅಲ್ಲಿ ಸೀಟು ಹೆಚ್ಚು, ತುಂಬಿಸಲು ಹಗುರ ನಾಟಕ ಹೆಚ್ಚು. ಆ ಕಾಲವನ್ನು ಯಾರೂ ಹೊಗಳುವುದಿಲ್ಲ, ಒಪ್ಪುತ್ತೇನೆ. ಹೊಸ ಕಟ್ಟಡ 1966ರ ಜುಲೈ 18ರಂದು ತೆರೆಯಿತು, ಮೈಕೆಲ್ ಸ್ಕಾಟ್ ಎಂಬವರ ನಕ್ಷೆ. ಹೊಸ ಕಟ್ಟಡ ಬಂದ ಮಾತ್ರಕ್ಕೆ ಎಲ್ಲ ಸರಿಯಾಯಿತೋ? ಶತಮಾನೋತ್ಸವದ ಬೆನ್ನಿಗೇ, 2005ರಲ್ಲಿ, ಲೆಕ್ಕಪತ್ರದ ಗೋಜಲಿನಲ್ಲಿ ಸಿಕ್ಕಿಬಿದ್ದರು. ಹಳೆಯ ಸಂಸ್ಥೆಯನ್ನು ಮುಚ್ಚಿ 2006ರಲ್ಲಿ ಹೊಸದು ಮಾಡಬೇಕಾಯಿತು. 2015ರಲ್ಲಿ, ಬಂಡಾಯದ ನೂರನೆಯ ವರ್ಷಕ್ಕೆಂದು ಪ್ರಕಟಿಸಿದ ಹತ್ತು ನಾಟಕಗಳಲ್ಲಿ ಹೆಣ್ಣು ಬರೆದದ್ದು ಒಂದೇ ಒಂದು. ಹೆಣ್ಣೊಬ್ಬಳು ನಿಂತು ಕಟ್ಟಿದ ಥಿಯೇಟರಿನಲ್ಲಿ! ರಂಗಭೂಮಿಯ ಹೆಂಗಸರು ಎದ್ದು ನಿಂತರು. ನವೆಂಬರ್ 12ರಂದು ಅಬ್ಬೆಯ ವೇದಿಕೆಯ ಮೇಲೆಯೇ, ತುಂಬಿದ ಸಭೆಯಲ್ಲಿ, ಅಬ್ಬೆಯನ್ನೇ ತರಾಟೆಗೆ ತೆಗೆದುಕೊಂಡರು. ಥಿಯೇಟರ್ ಬಾಗಿಲು ತೆರೆದುಕೊಟ್ಟಿತು. 1907ರ ಆ ಬಹಿರಂಗ ಚರ್ಚೆಯ ಅಭ್ಯಾಸ ನೂರು ವರ್ಷ ದಾಟಿಯೂ ಉಳಿದಿತ್ತು ಎಂದು ನನಗೆ ಅನಿಸಿತು.

ನಮ್ಮ ರಂಗಮಂದಿರದ ಠರಾವು ಮಂಡಿಸಿದವರಿಗೆ ನನ್ನ ವಿನಂತಿ ಇಷ್ಟು. ಮುಂದಿನ ನವೆಂಬರ್ ಒಂದರ ಸಭೆಯಲ್ಲಿ ಕಟ್ಟಡದ ನಕ್ಷೆಯೊಂದಿಗೆ, ಆ ಕಟ್ಟಡದಲ್ಲಿ ಹೊಡೆದು ಹಾಕದೆ ಆಡಗೊಡುವ ನಾಟಕಗಳ ಪಟ್ಟಿಯನ್ನೂ ತನ್ನಿ. ನಮ್ಮ ಭೂಮಿ, ನೌಕರಿ, ಮಕ್ಕಳ ಶಾಲೆ, ಮದುವೆಯಾಗದೆ ಉಳಿದ ತೋಟದ ಹುಡುಗರು, ಇವೆಲ್ಲ ಆ ಪಟ್ಟಿಯಲ್ಲಿ ಇರಲಿ. ಇಲ್ಲವಾದರೆ ನನ್ನ ಕೈಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಆ ಹುಡುಗಿ ಈಗ ಬೆಂಗಳೂರಿನಲ್ಲಿದ್ದಾಳೆ, ಕಂಪ್ಯೂಟರ್ ಕಂಪೆನಿಯಲ್ಲಿ ಕೆಲಸ. ನಾನು ಕೆಂಪು ಗೀಟು ಹಾಕಿದ್ದು ಜೆರಾಕ್ಸ್ ಪ್ರತಿಗೆ, ಅದು ನನ್ನ ಕಪಾಟಿನಲ್ಲೇ ಉಳಿದಿತ್ತು. ಅವಳ ವಿಳಾಸ ಹುಡುಕಿ, ತಪ್ಪಾಯಿತಮ್ಮಾ, ಆಡಬಹುದೋ ಎಂದು ಬರೆದೆ. ನಾಲ್ಕು ದಿನದ ಮೇಲೆ ಉತ್ತರ ಬಂತು: 'ಆಡಿ ಸರ್. ಒಂದು ಮಾತೂ ಬಿಡಬಾರದು.' ಬರುವ ವೃಶ್ಚಿಕ ಮಾಸದಲ್ಲಿ ನಮ್ಮ ಮನೆಯ ಜಗಲಿಯಲ್ಲೇ ಮಾಡುವುದೆಂದು ನಿಶ್ಚಯಿಸಿದ್ದೇವೆ. ಅಂಗಳದಲ್ಲಿ ಅರುವತ್ತು ಜನ ಕೂರಬಹುದು. ಅಜ್ಜಿಯ ಪಾತ್ರಕ್ಕೆ ನನ್ನ ಸೋದರತ್ತೆ ಒಪ್ಪಿದ್ದಾರೆ, ಮಾತು ಆಗಲೇ ಬಾಯಿಪಾಠ. ಮೊಮ್ಮಗನ ಪಾತ್ರಕ್ಕೆ ಹದಿನಾಲ್ಕು ಹದಿನೈದರ ಹುಡುಗ ಬೇಕು, ಮಲಯಾಳ ಚೆನ್ನಾಗಿ ಓದುವವನು. ಕನ್ನಡ ಓದಲು ಬಾರದಿದ್ದರೂ ಅಡ್ಡಿಯಿಲ್ಲ. ನಿಮ್ಮ ಮನೆಯಲ್ಲಿ ಅಂಥವನಿದ್ದರೆ ಈ ಸಂಚಿಕೆಯ ಸಂಪಾದಕರಲ್ಲಿ ತಿಳಿಸಿ.